ಅಂಚಿಲ್ಲದ ಚಾಪೆ

ಎಲ್ಲಿಂದ ಶುರು ಮಾಡಲಿ? ಹಕ್ಕಿಗಳಿಂದ ಶುರು ಮಾಡಿದರೆ ನಿಮಗೆ ಖುಷಿ. ಕೆರೆಗೆ ಹಕ್ಕಿಗಳು ವಾಪಸ್ ಬಂದಿವೆ, ಅದು ಸುಳ್ಳಲ್ಲ. ಚಾಪೆಯಿಂದ ಶುರು ಮಾಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಹೊಟ್ಟೆ ಉರಿದಾಗ ನನ್ನ ಅಕ್ಷರ ಸೊಟ್ಟಗಾಗುತ್ತದೆ. ಹಾಗಾಗಿ ಮೊದಲು ಹಕ್ಕಿ.

೧

ಕೆರೆಯ ದಡದಲ್ಲಿ ಒಂದು ಇಕೋ ರೆಸಾರ್ಟ್. ಅದು ಬರುವ ಮುಂಚೆ ಊರಿನ ಕೊಳಚೆಯೆಲ್ಲ ಆ ಕೆರೆಗೇ ಬೀಳುತ್ತಿತ್ತು. ರೆಸಾರ್ಟಿನವರು ಮೋರಿ ತಿರುಗಿಸಿದರು, ಪ್ಲಾಸ್ಟಿಕ್ ಹೆಕ್ಕಿಸಿದರು, ಜೊಂಡು ಕೊಯ್ಯುವುದನ್ನು ನಿಲ್ಲಿಸಿದರು. ಜೊಂಡು ಆಳೆತ್ತರ ಬೆಳೆಯಿತು. ಅದರೊಳಗೆ ಗೂಡು, ಗೂಡಿನೊಳಗೆ ಮೊಟ್ಟೆ. ದೂರದಿಂದ ಜನ ಬೈನಾಕ್ಯುಲರ್ ಹಿಡಿದು ಬಂದರು. ಎಲ್ಲರಿಗೂ ಒಳ್ಳೆಯದಾಯಿತು. ಶುಭಂ.

(ಇಲ್ಲಿಗೇ ನಿಲ್ಲಿಸಿದ್ದರೆ ಇದಕ್ಕೆ ಫ್ರೇಮ್ ಹಾಕಿಸಿ ರಿಸೆಪ್ಷನ್ನಿನಲ್ಲಿ ತೂಗುಹಾಕುತ್ತಿದ್ದರು. ನನ್ನ ಗ್ರಹಚಾರ, ಅಷ್ಟರಲ್ಲಿ ಕಥೆಯೊಳಗೆ ಒಬ್ಬ ಅಜ್ಜಿ ಕೆಮ್ಮಿದಳು.)

೨

ಅಜ್ಜಿ ಜೊಂಡಿನ ಚಾಪೆ ಹೆಣೆಯುವವಳು. ರೆಸಾರ್ಟಿನ ಜಗಲಿಯಲ್ಲಿ ಅವಳಿಗೊಂದು ಜಾಗ, ತಲೆಯ ಮೇಲೊಂದು ಬೋರ್ಡು: 'ಜೀವಂತ ಪರಂಪರೆ'. ತಿಂಡಿ ಮುಗಿಸಿದ ಅತಿಥಿಗಳು ಸುತ್ತ ನಿಲ್ಲುತ್ತಾರೆ, ಅಜ್ಜಿ ಹೆಣೆಯುತ್ತಾಳೆ. ಆದರೆ ಹೊಸ ಜೊಂಡು ಕೊಯ್ಯುವ ಹಾಗಿಲ್ಲ, ಅದೀಗ ಹಕ್ಕಿಗಳ ಮನೆ. ಇರುವುದು ಹಳೆಯದೊಂದೇ ಕಟ್ಟು. ಅದಕ್ಕೇ ಸಂಜೆ ಅತಿಥಿಗಳು ದೋಣಿ ಹತ್ತಿದ ಮೇಲೆ ಹೆಣೆದಷ್ಟನ್ನೂ ಬಿಚ್ಚಿ, ನೀರು ಚಿಮುಕಿಸಿ, ಗೋಣಿಯಲ್ಲಿ ಸುತ್ತಿಡಬೇಕು. ನಾಳೆ ಮತ್ತೆ ಅದೇ ಜೊಂಡು, ಅದೇ ಚಾಪೆ, ಹೊಸ ಅತಿಥಿಗಳು.

ಬಿಚ್ಚುವ ಕೆಲಸ ಮೊಮ್ಮಗಳದು. ಸ್ಕೂಲು ಬಿಟ್ಟು ರೆಸಾರ್ಟಿನ ರೂಮು ಗುಡಿಸುವ ಹುಡುಗಿ. ಮಾತು ಕಡಿಮೆ, ಕಣ್ಣು ಜಾಸ್ತಿ. ಅಡುಗೆಯವನು ಅವಳಿಗೆ 'ಸೈಲೆಂಟ್ ಮೋಡ್' ಅಂತ ಹೆಸರಿಟ್ಟಿದ್ದಾನೆ.

ಬಿಚ್ಚಿದಾಗಲೆಲ್ಲ ಜೊಂಡಿನ ತುದಿ ಮುರಿಯುತ್ತದೆ. ಮುರಿದ ತುದಿಯನ್ನು ಕತ್ತರಿಸಿ ಎಸೆಯಬೇಕು. ಇಬ್ಬರು ಮಲಗುವಷ್ಟಿದ್ದ ಚಾಪೆ ಒಬ್ಬರದಾಯಿತು, ಆಮೇಲೆ ಮೊಣಕಾಲಿಗೆ ಬಂತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಅಜ್ಜಿ ನಕ್ಕಳು. "ಹೀಗೇ ಹೋದ್ರೆ ಕಾಲೇ ಕತ್ತರಿಸ್ಕೋಬೇಕು ಕಣೇ."

೩ (ಹರಿದು ಹಾಕಿ, ಮತ್ತೆ ಅಂಟಿಸಿದ್ದು)

ಇಲ್ಲಿ ಮ್ಯಾನೇಜರನ್ನು ರಾಕ್ಷಸ ಮಾಡಿದ್ದೆ. ದಪ್ಪ ಮೀಸೆ, ಕೆಂಪು ಕಣ್ಣು. ಅವನು ಒಪ್ಪಲಿಲ್ಲ.

"ಮೇಡಂ, ನನಗೆ ಮೀಸೆನೇ ಇಲ್ಲ. ಕೆರೆ ಕ್ಲೀನ್ ಮಾಡುವಾಗ ಸೊಂಟದವರೆಗೆ ಕೆಸರಲ್ಲಿ ನಿಂತವನು ನಾನು. ಅಜ್ಜಿಗೆ ಹಿಂದಿನ ರೂಮು ಕೊಡಿಸಿದ್ದೂ ನಾನೇ. ನಾವು ಬರದಿದ್ರೆ ಅವರ ಕಲೆ ಯಾವತ್ತೋ ಸತ್ತುಹೋಗ್ತಿತ್ತು."

(ನನ್ನನ್ನು ಇದುವರೆಗೆ ಮೇಡಂ ಎಂದವನು ಅವನೊಬ್ಬನೇ. ಅದಕ್ಕೇ ಸ್ವಲ್ಪ ಮೆತ್ತಗಾದೆ.)

"ಹಾಗಾದ್ರೆ ಒಂದು ಹಿಡಿ ಜೊಂಡು ಕೊಯ್ಯೋಕೆ ಬಿಡಿ," ಎಂದೆ. "ಮರಿಗಳು ಹಾರಿಹೋದ ಮೇಲೆ."

"ಇವತ್ತು ಒಂದು ಹಿಡಿ ಅಂತ ಬಿಟ್ರೆ ನಾಳೆ ಊರೇ ಕುಡುಗೋಲು ಹಿಡ್ಕೊಂಡು ಬರುತ್ತೆ. ರೂಲ್ಸ್ ಅಂದ್ರೆ ರೂಲ್ಸ್."

ಅದೂ ನಿಜವೇ. ವಿಲನ್ ಸುಳ್ಳು ಹೇಳಿದರೆ ಕಥೆ ಬರೆಯುವವಳಿಗೆ ಎಷ್ಟು ಸುಲಭ!

೪

ಹುಡುಗಿಯ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಹಿಂದಿನ ರೂಮಿನ ಸಿಮೆಂಟು ನೆಲದ ಮೇಲೆ ರೆಸಾರ್ಟಿನ ಹಳೆಯ ಟವೆಲ್ ಹಾಸಿ ಮಲಗಿಸಿದರು. ಟವೆಲ್ಲಿನ ಮೂಲೆಯಲ್ಲಿ ಕಸೂತಿಯ ಹಕ್ಕಿ. ಅಜ್ಜಿ ಗೇಣು ಹಾಕಿ ಮಗುವನ್ನು ಅಳೆದಳು. ಜಗಲಿಗೆ ಹೋಗಿ ಚಾಪೆಯನ್ನೂ ಅಳೆದಳು.

"ಸರಿಹೋಯ್ತು," ಎಂದಳು. "ಇನ್ನೊಂದೆರಡು ಸಲ ಬಿಚ್ಚಿದ್ರೆ ಇವಳಿಗೂ ಸಾಲಲ್ಲ."

ಅವತ್ತು ಅತಿಥಿಗಳು ಹೋದರೂ ಅಜ್ಜಿ ಏಳಲಿಲ್ಲ. ಅಂಚು ಮಡಚಿ, ತುದಿಗಳನ್ನು ಒಂದರೊಳಗೊಂದು ತೂರಿಸಿ, ಹುರಿ ಎಳೆದು ಬಿಗಿದು, ಚಾಪೆಯನ್ನು ಮುಗಿಸಿಯೇಬಿಟ್ಟಳು.

ಮ್ಯಾನೇಜರ್ ನೋಡಿದ. ಬೈಯಲಿಲ್ಲ. ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ನಾಳೆ ದೊಡ್ಡ ಗುಂಪು ಬರ್ತಿದೆ ಕಣಮ್ಮ. ಅಜ್ಜಿ ಹೆಣೆಯಲ್ಲ ಅಂದ್ರೆ ಆ ರೂಮನ್ನ ನಾನು ಏನಂತ ಹೇಳಿ ಉಳಿಸ್ಲಿ? ಬಾಣಂತಿ ಬೇರೆ ಇದ್ದಾಳೆ. ಬಿಚ್ಚಿಡು. ಆಮೇಲೆ ಬಂದು ನೋಡ್ತೀನಿ."

೫

ಒಂದನೇ ಮುಕ್ತಾಯ: ಹುಡುಗಿ ಬಿಚ್ಚುತ್ತಾಳೆ. ರೂಮು ಉಳಿಯುತ್ತದೆ. ಮಗು ಟವೆಲ್ಲಿನ ಮೇಲೆ ಬೆಳೆಯುತ್ತದೆ. (ಆಗುವುದು ಇದೇ. ನಿಮಗೂ ಗೊತ್ತು. ಆದರೂ ಓದಿ.)

ಎರಡನೆಯದು: ಬಿಚ್ಚುವುದಿಲ್ಲ. ಬಾಣಂತಿ, ಮಗು, ಅಜ್ಜಿ ಎಲ್ಲರೂ ಬೀದಿಗೆ. ಬೀದಿಯಲ್ಲಿ ಹಾಸಲು ಚಾಪೆಯಂತೂ ಇದೆ.

ಮೂರನೆಯದು: ಮೂಲೆಯ ಕಾಟೇಜಿನಲ್ಲಿರುವ ಮೃದು ಮನಸ್ಸಿನ ಅತಿಥಿಯೊಬ್ಬಳು ಕಣ್ಣೊರೆಸಿಕೊಂಡು ಮ್ಯಾನೇಜರನ ಮನವೊಲಿಸುತ್ತಾಳೆ.

"ಯಾರೇ ಆ ಅಮ್ಮ?" ಅಜ್ಜಿ ನನ್ನನ್ನೇ ಕೇಳಿದಳು. "ಇಷ್ಟು ಹೊತ್ತು ಎಲ್ಲಿದ್ಳು?"

ಆ ಸಾಲನ್ನು ಹೊಡೆದುಹಾಕಿದೆ.

೫ (ಮತ್ತೆ)

ಹುಡುಗಿ ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೆರಳು ಅಂಚಿನ ಮೇಲೆ ಓಡಿತು, ತಿರುಗಿ ಬಂತು, ನಿಂತಿತು. ಎಲ್ಲಿಂದ ಬಿಚ್ಚುವುದು? ಇಷ್ಟು ಕಾಲ ಅವಳು ಬಿಚ್ಚಿದ್ದೆಲ್ಲ ಅರ್ಧ ಚಾಪೆ. ಅಂಚು ಕಟ್ಟಿದ ಚಾಪೆಯನ್ನು ಅವಳು ಮುಟ್ಟಿಯೇ ಇರಲಿಲ್ಲ. 'ಜೀವಂತ ಪರಂಪರೆ'ಯ ಬೋರ್ಡಿನ ಕೆಳಗೇ ಬೆಳೆದವಳಿಗೆ ಹೆಣೆಯಲು ಬರುವುದಿಲ್ಲ, ಬಿಚ್ಚಲು ಮಾತ್ರ ಬರುತ್ತದೆ. ಈಗ ಅದೂ ಬರುತ್ತಿಲ್ಲ.

"ಅಜ್ಜಿ, ಇದನ್ನ ಹೇಗೆ ಬಿಚ್ಚೋದು?"

"ಕಟ್ಟೋದು ಗೊತ್ತಿದ್ರೆ ಬಿಚ್ಚೋದೂ ಗೊತ್ತಾಗುತ್ತೆ."

"ಹಾಗಾದ್ರೆ ಕಟ್ಟೋದು ಹೇಳ್ಕೊಡು."

"ಯಾವುದ್ರಲ್ಲಿ ಹೇಳ್ಕೊಡ್ಲೇ? ಇರೋ ಜೊಂಡೆಲ್ಲ ನಿನ್ನ ತೊಡೆ ಮೇಲಿದೆ."

ಹೊರಗೆ ಆಳೆತ್ತರದ ಜೊಂಡು ಸರಸರ ಅಲ್ಲಾಡಿತು. ಹಕ್ಕಿಗಳು ಗೂಡಿಗೆ ಇಳಿಯುತ್ತಿದ್ದವು. ನೋಡಿ, ನಿಜಕ್ಕೂ ಚೆನ್ನಾಗಿತ್ತು. ದೋಣಿಯಲ್ಲಿದ್ದವರು "ಆಹಾ" ಎಂದರು. ಒಳಗೆ ಮಗು ಅಳಲು ಶುರುಮಾಡಿತು. ಮೆಟ್ಟಿಲ ಮೇಲೆ ಮ್ಯಾನೇಜರನ ಬೂಟಿನ ಸದ್ದು.

ಅಜ್ಜಿ ನನ್ನ ಕಡೆ ತಿರುಗಿದಳು. "ಅವಳ ಕೈಲಿ ಆಗಲ್ಲ. ನೀನಾದ್ರೂ ಮುಗಿಸೇ."

ನಾನು ಪೆನ್ನು ಕೆಳಗಿಟ್ಟೆ.

ನನಗೂ ಅಂಚು ಕಟ್ಟುವುದನ್ನು ಯಾರೂ ಹೇಳಿಕೊಡಲಿಲ್ಲ, ಅಜ್ಜಿ.