ದೆವ್ವದ ಹಬ್ಬಕ್ಕೂ ಸೂತಕವೇ

ಮೇ ತಿಂಗಳಲ್ಲಿ ನನ್ನ ಗಂಡ ಗುರುದತ್ ತೀರಿಕೊಂಡ ಮೇಲೆ ನಮ್ಮ ಮನೆಯ ಬೆಲ್ ಒತ್ತುವವರೇ ಇಲ್ಲವಾದರು. ಊಟ ತಂದವರೂ ಡಬ್ಬಿಯನ್ನು ಬಾಗಿಲಲ್ಲಿಟ್ಟು, ಕಾರಿನಿಂದಲೇ ಮೆಸೇಜ್ ಹಾಕಿ ಹೋಗುತ್ತಿದ್ದರು. ಅಕ್ಟೋಬರ್ ಕೊನೆಯ ದಿನ ಹ್ಯಾಲೊವೀನ್, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಬರುವ ಹಬ್ಬ. ಆ ಸಂಜೆ ಬುಟ್ಟಿ ತುಂಬ ಚಾಕೊಲೇಟ್ ಇಟ್ಟುಕೊಂಡು, ಹೊರಗಿನ ದೀಪ ಹಾಕಿ ಕೂತೆ. ಮಕ್ಕಳಾದರೂ ಬೆಲ್ ಒತ್ತಲಿ ಎಂದು.

ಮೈಸೂರಿನಲ್ಲಿ ಎಂ.ಎ. ಓದುವಾಗ ಭಯದ ಕಾದಂಬರಿಗಳ ಮೇಲೆ ಪ್ರಬಂಧ ಬರೆದಿದ್ದೆ. ಅವುಗಳಲ್ಲಿ ಹೆದರಿಸುವುದು ದೆವ್ವವಲ್ಲ, ಜಾಗ. ಪಾಳು ಕೋಟೆ, ಬೀಗ ಹಾಕಿದ ಕೋಣೆ, ಅಂಥವು. ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಬಡಾವಣೆಗೆ ಆ ಭಾಗ್ಯವಿಲ್ಲ. ಎಲ್ಲ ಮನೆಯೂ ಹೊಸದು, ಎಲ್ಲಕ್ಕೂ ಬೂದು ಬಣ್ಣ. ಪಾಪ, ಜನ ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿ, ಪೊದೆಗೆ ಜೇಡರ ಬಲೆ ಹೊದಿಸಿ ಹೆಣಗುತ್ತಾರೆ. ನಾನು ಏನೂ ಹಾಕಿರಲಿಲ್ಲ.

ಮಕ್ಕಳ ಗುಂಪೊಂದು ಪಕ್ಕದ ಮನೆಗೆ ಬಂತು. ನಮ್ಮದನ್ನು ಬಿಟ್ಟು ಆಚೆ ಮನೆಗೆ ಹೋಯಿತು. ಇನ್ನೊಂದು ಗುಂಪೂ ಹಾಗೇ. ಎದ್ದು ಹೊರಗೆ ಬಂದೆ. ನಮ್ಮ ಬಡಾವಣೆಯವಳೇ ಆದ ಧಾರವಾಡದ ಆರತಿ, ಮಾಟಗಾತಿಯ ಟೋಪಿ ಹಾಕಿದ್ದ ತನ್ನ ಮಗಳು ಶ್ರಾವಣಿಯ ಜೊತೆ ಬರುತ್ತಿದ್ದಳು.

"ಯಾಕ್ರೀ ಆರತಿ, ಎಲ್ಲರೂ ನಮ್ಮನೆ ಸ್ಕಿಪ್ ಮಾಡ್ತಿದ್ದಾರೆ?"

"ಅಯ್ಯ ಇಂದು ಅವರ, ತಪ್ಪು ತಿಳ್ಕೋಬ್ಯಾಡ್ರಿ. ನಿಮಗ ಒಂದ್ ವರ್ಷ ಹಬ್ಬ ಇಲ್ಲಲ್ರಿ. ನಾನ ಬಡಾವಣಿ ಗ್ರೂಪಿನ್ಯಾಗ ಮೆಸೇಜ್ ಹಾಕೀನಿ, ಇವರ ಮನಿ ಬೆಲ್ ಒತ್ತಬ್ಯಾಡ್ರಿ ಅಂತ."

"ಹ್ಯಾಲೊವೀನ್‌ಗೂ?"

"ಹಬ್ಬ ಅಂದ್ರ ಹಬ್ಬನ ಅಲ್ರಿ?"

"ದೆವ್ವದ ಹಬ್ಬಕ್ಕೂ ಸೂತಕಾನಾ? ಸತ್ತವರ ಮನೆಗೇ ಮೊದಲು ಬರ್ಬೇಕು ರೀ!"

ಆರತಿ ತುಟಿ ಕಚ್ಚಿಕೊಂಡಳು. ನಗು ತಡೆಯಲಾಗಲಿಲ್ಲ. "ಖರೇ ಅದ ನೋಡ್ರಿ," ಎಂದು ಫೋನ್ ತೆಗೆದು ಟೈಪ್ ಮಾಡತೊಡಗಿದಳು.

ಶ್ರಾವಣಿ ನಮ್ಮ ಖಾಲಿ ವರಾಂಡವನ್ನೇ ನೋಡುತ್ತಿದ್ದಳು. "ಅಮ್ಮಾ, ಈ ಮನೆ ಸ್ಕೇರಿಯೆಸ್ಟ್. ಏನೂ ಇಲ್ಲ."

"ಹಾಗಾದ್ರೆ ಬೆಲ್ ಒತ್ತಲ್ವಾ?" ಎಂದೆ.

"ಒತ್ತೀನಿ. ನೀವು ಒಳಗೆ ಹೋಗಿ, ಆಂಟಿ. ಡೋರ್ ಕ್ಲೋಸ್ ಮಾಡಿ. ಆಮೇಲೆ ತುಂಬಾ ಸ್ಲೋ ಓಪನ್ ಮಾಡಿ."

ಒಳಗೆ ಹೋಗಿ ದೀಪಗಳನ್ನೆಲ್ಲ ಆರಿಸಿ ಬಾಗಿಲ ಹಿಂದೆ ನಿಂತೆ. ಹೊರಗೆ ಹೆಜ್ಜೆ ಸದ್ದು ಒಂದೊಂದಾಗಿ ಸೇರಿಕೊಂಡಿತು. "ಯು ಗೋ ಫಸ್ಟ್", "ನೋ, ಯು" ಎಂಬ ಪಿಸುಮಾತು. ಬೆಲ್ ಆಯಿತು.

ಮೆಲ್ಲಗೆ ಬಾಗಿಲು ಎಳೆದೆ. ಹೊಸ ಕೀಲು, ಒಂದಿಷ್ಟೂ ಸದ್ದಿಲ್ಲ. ಕಿರ್ರ್ರ್ ಎಂದು ನಾನೇ ಬಾಯಲ್ಲಿ ಸದ್ದು ಮಾಡಿದೆ. ಮಕ್ಕಳ ಚೀರಾಟಕ್ಕೆ ಎದುರು ಮನೆಯವರೂ ಹೊರಗೆ ಬಂದರು.