ಮಗುವಿನಿಂದ ಹೊರಟ ಗೆರೆ

ಮಾರ್ಕರ್ ಬೋರ್ಡಿನ ಮೇಲೆ ಕಿರುಗುಟ್ಟುತ್ತಿದೆ, ರಕ್ಷಿತಾ ಬರೆಯುವಾಗ ಮಾತ್ರ ಹೀಗೋ, ನನಗೇ ಹಾಗೆ ಕೇಳುತ್ತದೋ, ಎಡಕ್ಕೆ ಹೆರಿಗೆ ಆಸ್ಪತ್ರೆಯವರ ಮಾತುಗಳು — ತಾಯಿ, ಮಗು, ವಾರ್ಡು, ಔಷಧಿ — ಒಂದೊಂದಕ್ಕೂ ಒಂದು ಚೌಕ, ಬಲಕ್ಕೆ ನಮ್ಮ ಸಾಫ್ಟ್‌ವೇರ್‌ನೊಳಗೆ ಅವು ನಿಜವಾಗಿ ಕೂತಿರುವ ಜಾಗಗಳು, ನಡುವೆ ಯಾವುದು ಎಲ್ಲಿದೆ ಎಂದು ತೋರಿಸುವ ಗೆರೆಗಳು, ಬಲಗಡೆಯದೆಲ್ಲ ನಾನು ಕಟ್ಟಿದ್ದು, ಮದುವೆಯಾದ ವರ್ಷದಿಂದ ಕಟ್ಟುತ್ತಲೇ ಇದ್ದೇನೆ, ಮಹೇಂದ್ರ ಸರ್ ಒಂದು ದಿನವೂ ನನ್ನ ಮೇಜಿನ ಹತ್ತಿರ ಹೀಗೆ ಕೈಕಟ್ಟಿ ನಿಂತು ನೋಡಿದವರಲ್ಲ, ನೋಡ್ರೀ ಚೂಡಾಮಣಿ, ಈ ಹುಡುಗಿ ಬಂದು ಎಷ್ಟು ಸಲೀಸಾಗಿ ಬರೆದ್ಬುಟ್ಲು, ಇಷ್ಟು ವರ್ಷ ಇದೆಲ್ಲ ನಿಮ್ಮ ತಲೇಲೇ ಇತ್ತಲ್ರೀ, ಅಂದರು — ಇತ್ತು, ಹೇಳಿಕೊಟ್ಟವಳೂ ನಾನೇ, ಹಿನಕಲ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಮೇಡಂ ಮೇಡಂ ಎಂದು ಒಂದೊಂದಾಗಿ ಕೇಳಿಕೊಂಡಳು, ಈಗ ಅಕ್ಷರ ಎಷ್ಟು ದುಂಡಗೆ — ತಪ್ಪು, ಮಗುವಿನಿಂದ ಹೊರಟ ಗೆರೆ ತಪ್ಪು, ಮಗುವಿಗೆ ಬೇರೆ ದಾಖಲೆ ಇದೆ ಎಂದುಕೊಂಡಿದ್ದಾಳೆ, ಇಲ್ಲ, ಮನೆಗೆ ಹೋಗುವವರೆಗೆ ಮಗು ತಾಯಿಯ ದಾಖಲೆಯೊಳಗೇ ಇರುತ್ತದೆ, ತಾಯಿಯದನ್ನು ಮುಚ್ಚಿದರೆ ಮಗುವಿಗೆ ಕೊಡಬೇಕಾದ ಔಷಧಿಯೂ ಪರದೆಯಿಂದ ಮಾಯ, ನಾಳೆ ಹೊಸಬರು ಈ ಚಿತ್ರ ನೋಡಿಕೊಂಡೇ, ತಾಯಿಯನ್ನು ಬೇರೆ ಆಸ್ಪತ್ರೆಗೆ ಕಳಿಸಿದ ಕೂಡಲೇ, ಮಗು ಇಲ್ಲೇ ಉಳಿದಿದ್ದರೂ, ಅವಳ ದಾಖಲೆ ಮುಚ್ಚುವ ಹಾಗೆ ಮಾಡುತ್ತಾರೆ — ಎಂಥ ಹಿತ, ಬಾಯಲ್ಲಿ ಕಲ್ಲುಸಕ್ಕರೆ ಕರಗುವ ಹಾಗೆ, ಹೇಳುವುದಿಲ್ಲ, ಎಲ್ಲರೆದುರು ಸಿಕ್ಕಿಬೀಳಲಿ, ಆಗ ಸರ್ ನನ್ನ ಮೇಜಿಗೆ ಬರಲಿ — ಅವಳು ತಿರುಗಿದಳು, ಮೇಡಂ, ಈ ಮಗು ಗೆರೆ ಒಂದೇ ಅನುಮಾನ ನಂಗೆ, ನೀವೇ ಹೇಳ್ಬೇಕು, ನಿಮ್ಮನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ, ಅನುಮಾನವನ್ನೂ ಎಷ್ಟು ಚೆಂದ ಪಡುತ್ತಾಳೆ, ಅದಕ್ಕೂ ಸರ್ ತಲೆದೂಗಿದರು, ನನ್ನದೆಂದು ಉಳಿದಿದ್ದ ಆ ಒಂದು ಗುಟ್ಟನ್ನೂ ಕೇಳಿಯೇ ಕಿತ್ತುಕೊಂಡಳು, ಸರಿಯಾಗಿದೆ ಕಣಮ್ಮ, ಅಂದೆ, ನನ್ನದೇ ದನಿ, ಮೃದುವಾಗಿತ್ತು, ಅವಳು ಗೆರೆಯನ್ನು ದಪ್ಪ ಮಾಡಿದಳು, ಸರ್ ಫೋಟೊ ತೆಗೆದು ಎಲ್ಲರಿಗೂ ಕಳಿಸಿದರು, ನನ್ನ ಫೋನೂ ಗುಂಯ್ ಎಂದಿತು, ಈಗಲೂ ಹೇಳಬಹುದು, ಬಾಯಿ ತೆರೆದರೆ ಸಾಕು, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಯಾಕೆ — ಕೆಲಸ ತಿಳಿದುಕೊಳ್ಳಲು ಆ ಆಸ್ಪತ್ರೆಯ ವಾರ್ಡಿಗೆ ಹೋದ ಮೊದಲ ದಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೂಸು, ಹೆಸರಿಟ್ಟಿರಲಿಲ್ಲ, ನನ್ನ ಹೆಬ್ಬೆರಳಿನಷ್ಟು ಪಾದ, ಅದಕ್ಕೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಇಂದ್ರಮ್ಮನ ಮಗು ಎಂದಷ್ಟೇ, ಆ ಪಾದ ಒದೆಯಿತು, ಫೋಟೊ ಹೋಗಿಯಾಯಿತು, ಪಾದ, ಬಿಳಿ ಪಟ್ಟಿ, ಇಂದ್ರಮ್ಮನ ಮಗು, ಪಾದ