ಕಿವುಡು ಮಗ್ಗುಲು

ಲಿಫ್ಟ್ ರಿಪೇರಿಯವನ ಹವ್ಯಾಸಿ ರೇಡಿಯೋಗೆ ಬಾಯಿ ಇತ್ತು, ಕಿವಿ ಹೋಗಿತ್ತು. ಅದರಲ್ಲಿ ಅವನು ಚುಕ್ಕೆ-ಗೆರೆಗಳಾಗಿ ಕುಟ್ಟುವ ಮೋರ್ಸ್ ಮಾತು ಸಮುದ್ರ ದಾಟಿ, ದ್ವೀಪದಲ್ಲಿ ದೀಪಸ್ತಂಭ ಕಾಯುವ ಅಕ್ಕನಿಗೆ ಚೆನ್ನಾಗಿಯೇ ಮುಟ್ಟುತ್ತಿತ್ತು. ಅಕ್ಕನ ಉತ್ತರ ಮಾತ್ರ ಎರಡು ವಾರದಿಂದ ಗೊರಗೊರ ಸದ್ದಿನಲ್ಲಿ ಮುಳುಗಿಹೋಗಿತ್ತು. ಕೇಳಿಸುತ್ತಿಲ್ಲ ಎಂದರೆ ಅಕ್ಕ ಗಾಬರಿಯಾದಾಳೆಂದು ಅವನು ಹವಾಮಾನವನ್ನಷ್ಟೇ ಕುಟ್ಟುತ್ತಿದ್ದ. ಎದುರಿನ ಪಾತ್ರೆ ಅಂಗಡಿಯವನು ಹೊಸ ದೀಪಗಳನ್ನು ಹಾಕಿಸಿದ್ದ; ಅವು ಹತ್ತಿದರೆ ರೇಡಿಯೋದಲ್ಲಿ ಆ ಗೊರಗೊರ. ಇವರಿಬ್ಬರ ತರಂಗ ಅಷ್ಟು ದೂರ ಹಾಯುವುದು ಹೊತ್ತು ಮುಳುಗುವ ಅರ್ಧ ಗಂಟೆ ಮಾತ್ರ. ಅಂಗಡಿಯ ದೀಪ ಹತ್ತುವುದೂ ಆಗಲೇ.

ಬೆಳಿಗ್ಗೆ ದೋಣಿಯವನು ಅಕ್ಕನ ಚೀಟಿ ತಂದುಕೊಟ್ಟಿದ್ದ. "ದಿನಾ ಒಂದೇ ಪ್ರಶ್ನೆ ಕೇಳ್ತಿದೀನಿ, ನೀನು ಬರೀ ಹವಾಮಾನ ಹೇಳ್ತಿದೀಯ. ಬರೆದು ಕೇಳೋಕೆ ಕೈ ಏಳ್ತಿಲ್ಲ. ಇನ್ನೂ ಮೂರು ವರ್ಷ ಇಲ್ಲೇ ಇರ್ತೀನೋ ಇಲ್ವೋ ಅಂತ ಭಾನುವಾರದ ದೋಣಿಗೆ ಕಾಗದ ಕೊಡಬೇಕು." ಅಂದು ಶನಿವಾರ.

ಅವನು ಅಂಗಡಿಗೆ ಹೋಗಿ, ಸಂಜೆ ಅರ್ಧ ಗಂಟೆ ದೀಪ ಆರಿಸಿ ಎಂದು ಕೇಳಿಕೊಂಡ.

"ಶನಿವಾರದ ವ್ಯಾಪಾರ ಬಿಟ್ಟು ನಿಮ್ಮಕ್ಕನಿಗೋಸ್ಕರ ಕತ್ತಲಲ್ಲಿ ಕೂತ್ಕೊಳ್ಲಾ? ಫೋನ್ ಮಾಡಪ್ಪ."

"ಅಲ್ಲಿ ಫೋನಿಲ್ಲ."

"ಹಾಗಾದ್ರೆ ಜೋರಾಗಿ ಕೂಗು."

ಅವನು ಮನೆಗೆ ಬಂದ. ಮಾಳಿಗೆಯ ಮೇಲಿನ ರೇಡಿಯೋ ಏರಿಯಲ್ ತಂತಿಯನ್ನು ಹಿಂದೆಯೇ ಎತ್ತರಿಸಿ ನೋಡಿದ್ದ. ಎತ್ತರಿಸಿದಷ್ಟೂ ಗದ್ದಲವೇ ಹೆಚ್ಚಿತ್ತು. ಕಳುಹಿಸಲು ಅದೇ ಇರಲಿ, ಕೇಳಲು ಬೇರೆಯದೇ ಬೇಕು. ಬಟ್ಟೆ ಒಣಹಾಕುವ ಮರದ ಚೌಕಟ್ಟನ್ನು ಬರಿದು ಮಾಡಿ, ಅದರ ಅಂಚಿಗೆ ತಂತಿಯನ್ನು ಆರು ಸುತ್ತು ಸುತ್ತಿದ. ಶ್ರುತಿ ಹೊಂದಿಸಲು ಹಳೆಯ ರೇಡಿಯೋದಿಂದ ಕಿತ್ತ ಕಂಡೆನ್ಸರ್ ಸೇರಿಸಿದ. ಎಲ್ಲವನ್ನೂ ತಿರುಗುವ ಕುರ್ಚಿಯ ಮೇಲೆ ನಿಲ್ಲಿಸಿ ಬಿಗಿದ.

"ಒದ್ದೆ ಬಟ್ಟೆ ರೀ ಅದು, ಮಂಚದ ಮೇಲೆ ಎಸೆದಿದೀರಲ್ಲ," ಎಂದಳು ಹೆಂಡತಿ.

"ಒಣಗತ್ತೆ ಬಿಡು."

"ಮಂಚಾನೂ ಒಣಗತ್ತಾ?"

ಎದುರು ದೀಪ ಹತ್ತಿತು. ಚೌಕಟ್ಟಿನ ಅಂಚನ್ನು ಸಮುದ್ರದ ಕಡೆಗೆ ತಿರುಗಿಸಿದ. ಗೊರಗೊರ. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಅಕ್ಕನ ದಿಕ್ಕನ್ನೇ ತಡಕಾಡಿದ. ಹತ್ತು ನಿಮಿಷ ಹೋದ ಮೇಲೆ ತಪ್ಪು ಹೊಳೆಯಿತು. ಅಂಚು ಸ್ವಲ್ಪ ಆಚೀಚೆ ಆದರೂ ಅಕ್ಕ ಕೇಳಿಸಿಯೇ ಕೇಳಿಸುತ್ತಾಳೆ. ಆದರೆ ಚೌಕಟ್ಟಿನ ಚಪ್ಪಟೆ ಮಗ್ಗುಲು ಶುದ್ಧ ಕಿವುಡು. ಗುರಿ ಇಡಬೇಕಾದ್ದು ಅಕ್ಕನಿಗಲ್ಲ, ಅಂಗಡಿಗೆ.

ಕುರ್ಚಿಯನ್ನು ಕೂದಲೆಳೆಯಷ್ಟಷ್ಟೇ ತಿರುಗಿಸುತ್ತ ಆ ಮಗ್ಗುಲನ್ನು ಅಂಗಡಿಗೆ ಒಡ್ಡಿದ. ಗದ್ದಲ ಕುಗ್ಗುತ್ತ ಬಂದು, ಒಂದು ಕಡೆ ಸರಕ್ಕನೆ ಇಲ್ಲವಾಯಿತು. ಅಷ್ಟು ದೊಡ್ಡ ಮೌನ ಆ ಪುಟ್ಟ ಕೋಣೆಗೆ ಎಲ್ಲಿಂದ ಬಂತೋ. ಅದರ ತಳದಲ್ಲಿ ಸೂಜಿಮೊನೆಯಂಥ ದನಿ; ಅಕ್ಕನದೇ ಕೈ, ಪ್ರತಿ ಪದದ ಕೊನೆಗೆ ತುಸು ತಡೆಯುವ ಕೈ. ಅಕ್ಷರ ಅಕ್ಷರವಾಗಿ ಬರೆದುಕೊಂಡ.

"ಏನಂತೆ?"

ಹಾಳೆಯನ್ನು ಅವಳತ್ತ ತಳ್ಳಿದ. 'ನಾನು ಬಂದ್ರೆ ನಿಮ್ಮನೇಲಿ ಜಾಗ ಇದೆಯಾ?'

ಅವಳು ಎರಡು ಸಲ ಓದಿದಳು. "ಎರಡು ವಾರದಿಂದ ಇದನ್ನ ಕೇಳ್ತಿದ್ರಾ ಅತ್ತಿಗೆ? ನೀವು ಮಳೆ ಬರತ್ತೆ, ಮಳೆ ಬರತ್ತೆ ಅಂತಿದ್ರಲ್ಲ ರೀ. ಇದೆ ಅನ್ನಿ. ಬೇಗ ಕುಟ್ಟಿ."

ಕುಟ್ಟಿದ. ಆ ಕಡೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಅಕ್ಕ ಸುಮ್ಮನಿದ್ದಳು, ಅದೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಕುರ್ಚಿ ಅಲುಗದಂತೆ ಒಂದು ಕೈಯಲ್ಲಿ ಹಿಡಿದೇ ಇದ್ದ.

ಕೊನೆಗೆ ಬಂತು. 'ಬರ್ತೀನಿ.'